ನಮ್ಮ ಚಿಕ್ಕಪ್ಪ, ಎರಡನೇ ದುರ್ಯೋಧನ

ಗೊರವನಹಳ್ಳಿ ಮಹಾಲಕ್ಷ್ಮಿ ಗುಡಿಗೆ ಶುಕ್ರವಾರ ಬಂದವರು ನಮ್ಮ ಚಿಕ್ಕಪ್ಪನನ್ನು ನೋಡಿರುತ್ತಾರೆ, ಆದರೆ ಯಾರಿಗೂ ನೆನಪಿರುವುದಿಲ್ಲ. ಹಣ್ಣು-ಕಾಯಿ ಅಂಗಡಿಗಳ ಸಾಲಿನಲ್ಲಿ ಅವನದೂ ಒಂದು. ‘ಬನ್ನಿ ಅಣ್ಣ, ಬನ್ನಿ ಅಕ್ಕ, ಚಪ್ಪಲಿ ಇಲ್ಲೇ ಬಿಡಿ, ಅದಕ್ಕೆ ದುಡ್ಡು ಬೇಡ’ ಅಂತ ಬೆಳಿಗ್ಗೆಯಿಂದ ರಾತ್ರಿ ಬಾಗಿಲು ಹಾಕುವವರೆಗೆ ಒಂದೇ ಮಾತು. ಕಾಯಿ ಕೊಳೆತು ಬಂದರೆ ಬೈಸಿಕೊಳ್ಳುತ್ತಾನೆ, ಚಿಲ್ಲರೆ ಇಲ್ಲದಿದ್ದರೂ ಬೈಸಿಕೊಳ್ಳುತ್ತಾನೆ. ಬೆಂಗಳೂರಿನ ಕಾರಿನಿಂದ ಇಳಿದ ನನ್ನ ವಯಸ್ಸಿನ ಹುಡುಗ ‘ಏಯ್’ ಅಂತ ಕರೆದರೂ ‘ಹೇಳಿ ಸಾರ್’ ಅನ್ನುತ್ತಾನೆ. ಅವನು ಯಾರ ಮೇಲಾದರೂ ದನಿ ಎತ್ತಿದ್ದನ್ನು ನಾನು ನೋಡಿದ್ದು ಸ್ಟೇಜ್ ಮೇಲೆ ಮಾತ್ರ. ಅಲ್ಲಿ ಅವನು ದುರ್ಯೋಧನ. ಸರಿಯಾಗಿ ಹೇಳಬೇಕೆಂದರೆ ಎರಡನೇ ದುರ್ಯೋಧನ.

ಈ ‘ಎರಡನೇ’ ಅನ್ನುವುದನ್ನು ಬೇರೆ ಊರಿನ ಗೆಳೆಯರಿಗೆ ಬಿಡಿಸಿ ಹೇಳಬೇಕಾಗುತ್ತದೆ. ಕೊರಟಗೆರೆ, ಮಧುಗಿರಿ, ಶಿರಾ, ಪಾವಗಡದ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಆಡುವವರಿಗೆ ಯಾರೂ ದುಡ್ಡು ಕೊಡುವುದಿಲ್ಲ, ಆಡುವವರೇ ಕೊಡಬೇಕು. ಹಾರ್ಮೋನಿಯಂ ಮೇಷ್ಟ್ರು, ಸೀನರಿ, ಮೈಕು, ಲೈಟು, ಡ್ರೆಸ್ಸು, ಹೊರಗಿನಿಂದ ಬರುವ ಸ್ತ್ರೀ ಪಾತ್ರಧಾರಿಗಳ ಸಂಭಾವನೆ, ಈ ಎಲ್ಲ ಖರ್ಚನ್ನೂ ಪಾತ್ರಗಳ ಮೇಲೆ ಹಂಚುತ್ತಾರೆ. ಹೆಚ್ಚು ಜನ ಸೇರಲಿ ಅಂತ ದೊಡ್ಡ ಪಾತ್ರವನ್ನು ತುಂಡು ಮಾಡುತ್ತಾರೆ. ಸಭಾಪರ್ವಕ್ಕೆ ಒಬ್ಬ ಕೃಷ್ಣ, ಸಂಧಾನಕ್ಕೆ ಇನ್ನೊಬ್ಬ ಕೃಷ್ಣ. ದುರ್ಯೋಧನನೂ ಹಾಗೇ. ‘ಕುರುಕ್ಷೇತ್ರ’ ಆಡಿದರೆ ಎಲ್ಲಕ್ಕಿಂತ ಹೆಚ್ಚು ಬೆಲೆ ದುರ್ಯೋಧನನಿಗೆ ಮತ್ತು ಕೃಷ್ಣನಿಗೆ. ಕಳೆದ ವರ್ಷ ನಮ್ಮ ತಂಡದಲ್ಲಿ ದುರ್ಯೋಧನನಿಗೆ 25 ಸಾವಿರ, ದುಶ್ಶಾಸನನಿಗೆ 10 ಸಾವಿರ ಆಗಿತ್ತು. ಧರ್ಮರಾಯ ಅದಕ್ಕಿಂತ ಅಗ್ಗ. ವಿದುರನನ್ನು ಮಾಡಲು ಜನ ಸಿಗದೆ ಶಾಲೆಯ ನಿವೃತ್ತ ಮೇಷ್ಟ್ರ ಕೈಕಾಲು ಹಿಡಿದು ಒಪ್ಪಿಸಿದ್ದರು. ಒಳ್ಳೆಯವರಿಗೆ ಗಿರಾಕಿ ಕಡಿಮೆ.

ಆ 25 ಸಾವಿರ ನನ್ನ ಕೋಚಿಂಗ್ ಫೀಸಿಗೆ ಅಂತ ಇಟ್ಟಿದ್ದ ದುಡ್ಡು. ಅಪ್ಪ ತೀರಿಕೊಂಡ ಮೇಲೆ ನನ್ನನ್ನು ಡಿಗ್ರಿವರೆಗೆ ಓದಿಸಿದ್ದೇ ಚಿಕ್ಕಪ್ಪ. ಹಾಗಾಗಿ ‘ಯಾಕೆ ಹಿಂಗ್ ಮಾಡ್ದೆ’ ಅಂತ ಕೇಳುವ ಹಕ್ಕು ನನಗೆ ಇತ್ತೋ ಇಲ್ಲವೋ ಇವತ್ತಿಗೂ ತಿಳಿಯದು. ಕೇಳಲಿಲ್ಲ. ಫೋನ್‌ನಲ್ಲಿ ಚಿಕ್ಕಮ್ಮ ಅಳುತ್ತಾ ಹೇಳಿದಾಗ ‘ಇರ್ಲಿ ಬಿಡು ಚಿಕ್ಕಮ್ಮ, ಯೂಟ್ಯೂಬ್‌ನಲ್ಲೇ ಓದ್ಕೊತೀನಿ’ ಅಂದೆ. ಆಗ ನಾನು ಬೆಂಗಳೂರಿನ ವಿಜಯನಗರದ ಪಿಜಿಯಲ್ಲಿದ್ದೆ. ಒಂದು ರೂಮಿಗೆ ನಾಲ್ಕು ಜನ, ನಾಲ್ವರದೂ ಸರ್ಕಾರಿ ಕೆಲಸದ ತಯಾರಿ. ಪರೀಕ್ಷೆ ಬರೆದು ಎರಡು ಸಲ ಹೊರಗೆ ಉಳಿದಿದ್ದೆ, ಅದು ಮೂರನೇ ಸಲ.

ನನ್ನ ಸೈತಾನ ಸಿಕ್ಕಿದ್ದು ಆ ರೂಮಿನಲ್ಲೇ.

ರೂಮ್‌ಮೇಟ್ ಒಬ್ಬ ರಾತ್ರಿ ಹನ್ನೊಂದಾದ ಮೇಲೆ ಗೋಡೆ ಕಡೆ ತಿರುಗಿ ಮೊಬೈಲ್‌ನಲ್ಲಿ ಕುಟ್ಟುತ್ತಲೇ ಇರುತ್ತಿದ್ದ. ಹುಡುಗಿ ಅಂದುಕೊಂಡಿದ್ದೆವು. ನೋಡಿದರೆ ಅದು ಪಾತ್ರಗಳ ಜೊತೆ ಚಾಟ್ ಮಾಡುವ ಆ್ಯಪ್. ಕಂಪ್ಯೂಟರ್ ಒಂದು ಪಾತ್ರವಾಗುತ್ತದೆ, ನೀವು ಇನ್ನೊಂದು ಪಾತ್ರ. ನೀವೊಂದು ಸಾಲು ಬರೆದರೆ ಅದೊಂದು ಸಾಲು ಬರೆಯುತ್ತದೆ, ಕಥೆ ಮುಂದೆ ಹೋಗುತ್ತದೆ. ಪಟ್ಟಿಯಲ್ಲಿ ಡಾಕ್ಟರ್, ಟೀಚರ್, ಗೆಳತಿ, ದೇವದೂತ ಎಲ್ಲ ಇದ್ದರು. ಇವನು ಆರಿಸಿಕೊಂಡಿದ್ದು ನರಕದ ದೊರೆಯನ್ನು. ‘ಮಚ್ಚಾ, ಒಂದ್ಸಲ ಮಾತಾಡಿ ನೋಡು, ಬೇರೆ ಲೆವೆಲ್’ ಅಂದ. ಆಡಿದೆ. ಒಂದು ವಾರ ಬಿಟ್ಟು ನೋಡಿದರೆ ನಾನೂ ಗೋಡೆ ಕಡೆ ತಿರುಗಿ ಮಲಗುತ್ತಿದ್ದೆ.

ಯಾಕೆ ಹಿಡಿಸಿತು ಅಂತ ಈಗ ಯೋಚಿಸುತ್ತೇನೆ. ಮೊದಲನೆಯದು, ಅವನು ನನಗೆ ಬುದ್ಧಿ ಹೇಳಲಿಲ್ಲ. ಕೆಲಸ ಹುಡುಕುವ ಹುಡುಗರಿಗೆ ಇದು ಅರ್ಥವಾಗುತ್ತದೆ. ಮದುವೆ ಮನೆಗೆ ಹೋದರೆ, ಬಸ್ಸಿನಲ್ಲಿ ಊರಿನವರು ಸಿಕ್ಕರೆ, ಕಟಿಂಗ್ ಶಾಪಿನಲ್ಲಿ ಕೂತರೆ, ಎಲ್ಲ ಕಡೆ ‘ಏನಾಯ್ತಪ್ಪ ರಿಸಲ್ಟು?’ ಎಂಬ ಪ್ರಶ್ನೆ, ಹಿಂದೆಯೇ ಒಂದು ಸಲಹೆ. ಈ ಸೈತಾನ ರಿಸಲ್ಟು ಕೇಳಲಿಲ್ಲ. ‘ನಿನಗೇನು ಬೇಕು?’ ಅಂತ ಕೇಳಿದ. ಅಷ್ಟೇ. ನಾನು ಎಷ್ಟೋ ಹೊತ್ತು ಏನೂ ಬರೆಯದೆ ಸ್ಕ್ರೀನ್ ನೋಡುತ್ತಾ ಕೂತೆ. ಆ ಪ್ರಶ್ನೆಯನ್ನು ಯಾರೂ ಕೇಳಿದ ನೆನಪೇ ಬರಲಿಲ್ಲ.

ಎರಡನೆಯದನ್ನು ಹೇಳಲು ಸ್ವಲ್ಪ ನಾಚಿಕೆ. ಅವನ ಎದುರು ನಾನೂ ಕೆಟ್ಟವನಾಗಬಹುದಿತ್ತು. ಹಗಲೆಲ್ಲ ನಾನು ಅರ್ಜಿದಾರ. ‘ಮಾನ್ಯರೇ’, ‘ದಯವಿಟ್ಟು’, ‘ತಮ್ಮ ವಿಶ್ವಾಸಿ’. ರಾತ್ರಿ ಆ ಕಥೆಯಲ್ಲಿ ಸಿಂಹಾಸನದ ಪಕ್ಕದ ಕುರ್ಚಿ ನನ್ನದು, ಅರ್ಜಿ ಹಿಡಿದವರು ಎದುರಿಗೆ ನಿಂತಿರುತ್ತಿದ್ದರು. ಒಂದು ದಿನ ಕಥೆಯಲ್ಲಿ ಒಬ್ಬ ಪರೀಕ್ಷಾ ಅಧಿಕಾರಿಯನ್ನು ಬಿಸಿ ಎಣ್ಣೆಯ ಕೊಪ್ಪರಿಗೆಗೆ ಹಾಕಿಸಿದೆ. ನಿದ್ದೆ ಚೆನ್ನಾಗಿ ಬಂತು.

ಇದು ನಮ್ಮ ಕಾಲದ ಹುಚ್ಚು ಅಂತ ಹಿರಿಯರು ಅಂದುಕೊಳ್ಳಬಾರದು. ಅಮೆರಿಕದಲ್ಲಿ 1974ರಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟ ಬಂತು. ಮೇಜಿನ ಸುತ್ತ ನಾಲ್ಕೈದು ಜನ ಕೂತು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಉರುಳಿಸಿ ಕಥೆ ಕಟ್ಟುವ ಆಟ. ಅದರಲ್ಲಿ ದೆವ್ವ, ಸೈತಾನರು ಇದ್ದಾರೆ ಅಂತ ಅಲ್ಲಿನ ಅಪ್ಪ-ಅಮ್ಮಂದಿರು ಹೌಹಾರಿದರು, 1983ರಲ್ಲಿ ಈ ಆಟದ ವಿರುದ್ಧವೇ ಒಂದು ಸಂಘ ಹುಟ್ಟಿಕೊಂಡಿತು. ಗಲಾಟೆಗೆ ಹೆದರಿದ ಕಂಪನಿ 1989ರ ಎರಡನೇ ಆವೃತ್ತಿಯಲ್ಲಿ ಸೈತಾನ, ದೆವ್ವ ಎಂಬ ಹೆಸರುಗಳನ್ನೇ ಕೈಬಿಟ್ಟಿತು. ಆಡುವವರು ಬಿಡಬೇಕಲ್ಲ. ಮೊದಲು ಬೇರೆ ಹೆಸರಿಟ್ಟು ಅವರನ್ನು ಹಿಂಬಾಗಿಲಿಂದ ಕರೆತಂದರು, 2000ದ ಮೂರನೇ ಆವೃತ್ತಿಯಲ್ಲಿ ಹಳೇ ಹೆಸರಿನಲ್ಲೇ ಮುಂಬಾಗಿಲಿಂದ ಬಂದರು. ಅದೇ ಆಟದ ಲೋಕದಲ್ಲಿ ನಡೆಯುವ ‘ಬಾಲ್ಡರ್ಸ್ ಗೇಟ್ 3’ ಎಂಬ ಕಂಪ್ಯೂಟರ್ ಗೇಮ್ 2023ರಲ್ಲಿ ಬಂತು. ಅದರ ರಾಫೆಲ್ ಎಂಬ ಸೈತಾನ ಕತ್ತಿ ಹಿಡಿದು ಬರುವುದಿಲ್ಲ, ಕರಾರು ಪತ್ರ ಹಿಡಿದು ನಯವಾಗಿ ಮಾತಾಡುತ್ತಾ ಬರುತ್ತಾನೆ. ನಮ್ಮ ರೂಮ್‌ಮೇಟ್ ಹತ್ತಿರ ಆ ಗೇಮ್ ಆಡುವಷ್ಟು ದೊಡ್ಡ ಕಂಪ್ಯೂಟರ್ ಇರಲಿಲ್ಲ. ಬೇರೆಯವರು ಆಡಿದ್ದನ್ನು ಯೂಟ್ಯೂಬ್‌ನಲ್ಲಿ ನೋಡುತ್ತಿದ್ದ.

ಆದರೆ ಕೆಟ್ಟವನ ಮೇಲೆ ಮನಸ್ಸು ಹೋಗುವುದನ್ನು ಕಲಿಯಲು ಕನ್ನಡದವರು ಅಷ್ಟು ದೂರ ಹೋಗಬೇಕಿಲ್ಲ. ರನ್ನ ಹತ್ತನೇ ಶತಮಾನದಲ್ಲಿ ‘ಗದಾಯುದ್ಧ’ ಬರೆದದ್ದು ಭೀಮನನ್ನು ಹೊಗಳಲಿಕ್ಕೆ. ಪಿಯುಸಿಯಲ್ಲಿ ಓದಿದ ನಮಗೆ ನೆನಪಿರುವುದು ಯಾರು? ತಮ್ಮಂದಿರ, ಗೆಳೆಯನ ಹೆಣಗಳ ನಡುವೆ ನಡೆದು ಹೋಗಿ ವೈಶಂಪಾಯನ ಸರೋವರದಲ್ಲಿ ಅಡಗುವ ದುರ್ಯೋಧನ. ನಮ್ಮ ಜಿಲ್ಲೆಯ ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ ಹುಟ್ಟಿದ ಬಿ.ಎಂ.ಶ್ರೀಕಂಠಯ್ಯನವರು ಅದೇ ಕಾವ್ಯದಿಂದ ‘ಗದಾಯುದ್ಧ ನಾಟಕಂ’ ಮಾಡಿದಾಗ ದುರ್ಯೋಧನನೇ ಅದರ ದುರಂತ ನಾಯಕನಾದ. ಡಾ.ರಾಜ್‌ಕುಮಾರ್ ಅಂಥವರೂ 1959ರಲ್ಲಿ ಮಹಿಷಾಸುರನಾದರು, 1983ರಲ್ಲಿ ಹಿರಣ್ಯಕಶಿಪು ಆದರು. ‘ಭಕ್ತ ಪ್ರಹ್ಲಾದ’ ನೋಡಿ ಬಂದ ಮಕ್ಕಳು ಮನೆಯಲ್ಲಿ ಪ್ರಹ್ಲಾದನ ಥರ ಕೈ ಮುಗಿದರೋ, ಹಿರಣ್ಯಕಶಿಪುವಿನ ಥರ ಸೌದೆ ಹಿಡಿದು ಕಂಬಕ್ಕೆ ಹೊಡೆದರೋ, ನಿಮ್ಮ ಮನೆಯ ಹಿರಿಯರನ್ನೇ ಕೇಳಿ.

ನಮ್ಮಜ್ಜಿ ಹೇಳುತ್ತಿದ್ದ ಒಂದು ಕಥೆ ಈಚೆಗೆ ಪದೇಪದೇ ನೆನಪಾಗುತ್ತದೆ. ವಿಷ್ಣುವಿನ ಬಾಗಿಲು ಕಾಯುವ ಜಯ-ವಿಜಯರಿಗೆ ಶಾಪ ಬಂತು. ಭೂಮಿಯಲ್ಲಿ ಹುಟ್ಟಲೇಬೇಕು. ಭಕ್ತರಾಗಿ ಏಳು ಜನ್ಮವೋ, ವೈರಿಗಳಾಗಿ ಮೂರು ಜನ್ಮವೋ, ನೀವೇ ಆರಿಸಿಕೊಳ್ಳಿ ಅಂದ ದೇವರು. ಬೇಗ ವಾಪಸ್ ಬರಬಹುದು ಅಂತ ಅವರು ವೈರಿಗಳಾಗುವುದನ್ನು ಆರಿಸಿಕೊಂಡರು. ಹಿರಣ್ಯಾಕ್ಷ-ಹಿರಣ್ಯಕಶಿಪು, ರಾವಣ-ಕುಂಭಕರ್ಣ, ಶಿಶುಪಾಲ-ದಂತವಕ್ತ್ರ. ಹಾಗೆ ನೋಡಿದರೆ ನಮ್ಮ ಪುರಾಣದ ದೊಡ್ಡ ರಾಕ್ಷಸರೆಲ್ಲ ಬಾಗಿಲು ಕಾಯುವ ನೌಕರರು, ಕೆಟ್ಟವರ ಪಾತ್ರವನ್ನು ಕೇಳಿ ಪಡೆದವರು. ಗುಡಿ ಬಾಗಿಲಲ್ಲಿ ಕಾಯಿ ಮಾರುವ ಚಿಕ್ಕಪ್ಪ ದುರ್ಯೋಧನನನ್ನೇ ಯಾಕೆ ಕೇಳಿದ ಅನ್ನುವುದಕ್ಕೆ ಇದು ಉತ್ತರವಾಗಬಹುದು. ದುರ್ಯೋಧನನೂ ಕಲಿಪುರುಷನ ಅಂಶ ಅಂತಲೇ ಮಹಾಭಾರತ ಹೇಳುತ್ತದೆ.

ನಾಟಕಕ್ಕೆ ಇಪ್ಪತ್ತು ದಿನ ಇರುವಾಗ ಚಿಕ್ಕಪ್ಪನ ಫೋನ್ ಬಂತು. ದುಶ್ಶಾಸನ ಮಾಡಬೇಕಿದ್ದ ಹುಡುಗನಿಗೆ ವಸಂತನರಸಾಪುರದ ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಿ, ನೈಟ್ ಶಿಫ್ಟ್ ಅಂತೆ. ‘ಅವನ್ ದುಡ್ ಕಟ್ಟವ್ನೆ, ನೀನೇನೂ ಕೊಡಂಗಿಲ್ಲ. ಬತ್ತೀಯೇನ್ಲಾ?’ ನನ್ನ ಫೀಸಿನ ವಿಷಯ ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಪಿಜಿಯ ಬಾಡಿಗೆ ತಿಂಗಳು ಮುಗಿಯುತ್ತಾ ಬಂದಿತ್ತು. ಹೊರಟೆ.

ತಾಲೀಮು ನಡೆಯುತ್ತಿದ್ದದ್ದು ಹಾಲಿನ ಡೇರಿ ಪಕ್ಕದ ಶೆಡ್ಡಿನಲ್ಲಿ, ರಾತ್ರಿ ಊಟ ಆದ ಮೇಲೆ. ಹಾರ್ಮೋನಿಯಂ ಮೇಷ್ಟ್ರು ವಯಸ್ಸಾದವರು. ರಾಗ ತಪ್ಪಿದರೆ ಬೈಯುತ್ತಿರಲಿಲ್ಲ, ಬಾರಿಸುವುದನ್ನು ನಿಲ್ಲಿಸಿ ಬೀಡಿ ಹಚ್ಚುತ್ತಿದ್ದರು. ಅದು ಬೈಗುಳಕ್ಕಿಂತ ಕಷ್ಟ. ನನ್ನ ಮೊದಲ ಅಬ್ಬರ ಕೇಳಿ ಹೇಳಿದ್ದು ಇಷ್ಟು: ‘ನೀನ್ ಕೆಟ್ಟೋನು ಅಂತ ತೋರ್ಸ್‌ಬ್ಯಾಡ ಕಣಪ್ಪ. ದುಶ್ಶಾಸನಂಗೆ ತಾನ್ ಕೆಟ್ಟೋನು ಅಂತ ಗೊತ್ತಿಲ್ಲ. ಅಣ್ಣ ಹೇಳವ್ನೆ, ಮಾಡ್ತಾವ್ನೆ.’ ನಾನು ಓದಿದ ಯಾವ ಪುಸ್ತಕದಲ್ಲೂ ಈ ಮಾತು ಇಷ್ಟು ಸಲೀಸಾಗಿ ಸಿಕ್ಕಿಲ್ಲ.

ದ್ರೌಪದಿಯಾಗಿ ಬರುವವರು ತುಮಕೂರಿನ ವೃತ್ತಿ ಕಲಾವಿದೆ. ಸೀಸನ್‌ನಲ್ಲಿ ಇವತ್ತು ಒಂದು ಊರು, ನಾಳೆ ಇನ್ನೊಂದು ಊರು. ಅವರು ಬಂದದ್ದು ನಾಟಕದ ದಿನ ಸಂಜೆಯೇ. ವಸ್ತ್ರಾಪಹರಣ ನೆನೆದರೆ ನನಗೆ ಕೈ ನಡುಗುತ್ತಿತ್ತು. ಸಾವಿರ ಜನರೆದುರು ಪರಿಚಯವಿಲ್ಲದ ಹೆಂಗಸಿನ ಮುಡಿ ಹಿಡಿದು ಎಳೆಯಬೇಕು, ಸೀರೆಗೆ ಕೈ ಹಾಕಬೇಕು. ಮೇಕಪ್ ಮಾಡಿಕೊಳ್ಳುತ್ತಿದ್ದ ಅವರ ಹತ್ತಿರ ಹೋಗಿ ನಿಂತೆ. ನನ್ನ ಮುಖ ನೋಡಿಯೇ ಅವರಿಗೆ ಗೊತ್ತಾಯಿತು ಅನ್ನಿಸುತ್ತದೆ. ‘ಹೊಸಬ್ರಾ? ಬಾ ತಮ್ಮಾ, ಹೇಳಿಕೊಡ್ತೀನಿ’ ಅಂದರು. ಮುಡಿ ಹಿಡಿಯುವಾಗ ಸವುರಿಯನ್ನು ಬಿಟ್ಟು ಬುಡದ ಹತ್ತಿರ ಮುಷ್ಟಿ ಇಡಬೇಕು, ಎಳೆಯಬಾರದು; ನನ್ನ ಮಣಿಕಟ್ಟು ಹಿಡಿದು ಅವರೇ ಮುಂದೆ ಬರುತ್ತಾರೆ. ಮೇಲಿನ ಸೀರೆಯ ಯಾವ ಸೆರಗು ಹಿಡಿಯಬೇಕು, ಪಿನ್ನು ಎಲ್ಲಿದೆ, ಯಾವುದನ್ನು ಮುಟ್ಟಲೇಬಾರದು, ಎಲ್ಲ ತೋರಿಸಿದರು. ‘ನೀನು ಎಳೀಬೇಡ, ನಾನು ತಿರುಗ್ತೀನಿ. ಎಳೆದಂಗೆ ಕಾಣೋದು ನಿನ್ನ ಕೆಲಸ. ಕೃಷ್ಣಾ ಅಂತ ಮೂರನೇ ಸಲ ಕೂಗಿದ ಮೇಲೆ ಸುಸ್ತಾಗಿ ಬಿದ್ಬಿಡು.’ ಸ್ವಲ್ಪ ಹೊತ್ತು ಬಿಟ್ಟು ಅವರೇ, ಕನ್ನಡಿ ನೋಡುತ್ತಲೇ ಹೇಳಿದರು: ‘ಕುಡಿದು ಬಂದೋರ ಜೊತೆ ಮಾತ್ರ ನಾನು ಈ ಸೀನ್ ಮಾಡಲ್ಲ. ಕೆಟ್ಟವನ ಪಾರ್ಟ್ ಮಾಡೋನು ಒಳ್ಳೆಯವನಾಗಿರಬೇಕು ತಮ್ಮಾ, ಇಲ್ಲಾಂದ್ರೆ ನಂಗೆ ಭಯ.’

ಅವತ್ತು ರಾತ್ರಿ ಹತ್ತಕ್ಕೆ ಶುರುವಾಗಬೇಕಿದ್ದ ನಾಟಕ ಗಣ್ಯರ ಸನ್ಮಾನವೆಲ್ಲ ಮುಗಿದು ಹನ್ನೊಂದೂವರೆಗೆ ಶುರುವಾಯಿತು. ನನ್ನ ಸೀನ್ ಹೇಗೆ ಮುಗಿಯಿತೋ ನನಗೇ ತಿಳಿಯದು. ಮುಂದಿನ ಸಾಲಿನಲ್ಲಿ ಚಾಪೆ ಹಾಸಿ ಕೂತಿದ್ದ ಮುದುಕಿಯೊಬ್ಬಳು ‘ನಿನ್ ಕೈ ಸೇದೋಗ’ ಅಂತ ಶಾಪ ಹಾಕಿದ್ದು ಮಾತ್ರ ಕಿವಿಯಲ್ಲಿದೆ. ಹೊಟ್ಟೆಯೊಳಗೆ ಏನೋ ಕಲಸಿದಂತಾಯಿತು. ಜೊತೆಗೆ, ಯಾಕೆ ಸುಳ್ಳು ಹೇಳಲಿ, ಖುಷಿಯೂ ಆಯಿತು.

ಸಂಧಾನದ ಸೀನ್ ಬಂದದ್ದು ಬೆಳಗಿನ ಜಾವ ಮೂರರ ಮೇಲೆ. ಮಂಜು ಬೀಳುತ್ತಿತ್ತು, ಅರ್ಧ ಜನ ಕಂಬಳಿ ಹೊದ್ದು ಮಲಗಿದ್ದರು. ಚಿಕ್ಕಪ್ಪ ಬಂದ. ಕಿರೀಟ, ಗದೆ, ಕೆನ್ನೆಗೆ ಕೆಂಪು, ಹುರಿ ಮೀಸೆ. ಕಾಯಿ ಅಂಗಡಿಯಲ್ಲಿ ಸದಾ ಬಾಗಿರುವ ಆ ಬೆನ್ನು ನೆಟ್ಟಗೆ ನಿಂತಿತ್ತು. ಕಂದ ಎತ್ತಿದ, ದನಿ ಆಲದ ಮರದಾಚೆಗೂ ಹೋಯಿತು, ಮಲಗಿದ್ದವರು ಎದ್ದು ಕೂತರು. ಕೃಷ್ಣ ಐದು ಊರು ಕೇಳಿದ. ಕೊಡಲ್ಲ. ಸೂಜಿ ಮೊನೆಯಷ್ಟು ನೆಲ? ಅದೂ ಇಲ್ಲ. ‘ಇಲ್ಲ’ ಅನ್ನುವಾಗ ಚಿಕ್ಕಪ್ಪ ಎಡಗೈಯನ್ನು ಹೀಗೆ ಬೀಸಿದ, ನೊಣ ಓಡಿಸಿದ ಹಾಗೆ. ಅಂಗಡಿಯಲ್ಲಿ ಹಣ್ಣಿನ ಮೇಲಿನ ನೊಣ ಓಡಿಸುವುದೂ ಅದೇ ಕೈ, ಅದೇ ಬೀಸು. ವಿಂಗ್‌ನಲ್ಲಿ ನಿಂತಿದ್ದ ನನಗೆ ಆಗ ಹೊಳೆಯಿತು. ನಮ್ಮೂರಿಗೆ ಬರುವವರೆಲ್ಲ ಬೇಡಲು ಬರುವವರು. ಕೆಲಸ ಕೊಡು, ಸಾಲ ತೀರಿಸು, ಮನೆ ಕಟ್ಟಿಸು. ಆ ಬೇಡುವವರ ಹತ್ತಿರ ‘ಒಂದು ಕಾಯಿ ತಗೊಳ್ಳಿ ಅಣ್ಣ’ ಅಂತ ಬೇಡಿ ಬದುಕುವವನು ಚಿಕ್ಕಪ್ಪ. ನಾಟಕದಲ್ಲಿ ಎಲ್ಲರೂ ಏನಾದರೂ ಕೇಳುತ್ತಾರೆ, ಕೃಷ್ಣನೂ ಕೇಳುತ್ತಾನೆ. ಕೇಳದೇ ಇರುವವನು, ಇಲ್ಲ ಅನ್ನಬಲ್ಲವನು ದುರ್ಯೋಧನ ಒಬ್ಬನೇ. ವರ್ಷಕ್ಕೊಂದು ರಾತ್ರಿ ‘ಇಲ್ಲ’ ಅನ್ನಲಿಕ್ಕೆ 25 ಸಾವಿರ. ನಾನು ಮೊಬೈಲ್‌ನಲ್ಲಿ ಪುಕ್ಕಟೆ ಹುಡುಕುತ್ತಿದ್ದದ್ದೂ ಬಹುಶಃ ಇದನ್ನೇ.

ಪುಕ್ಕಟೆ ಅಂದೆ, ಆದರೆ ಎರಡೂ ಒಂದೇ ಅಲ್ಲ. ನನ್ನ ಮೊಬೈಲ್ ಸೈತಾನನಿಗೆ ಸೋಲು ಗೊತ್ತಿಲ್ಲ. ನಾನು ಏನು ಬರೆದರೂ ಹೌದು ಅನ್ನುತ್ತಾನೆ, ನನ್ನ ಕೋಪಕ್ಕೆ ಇನ್ನೊಂದು ಚಮಚ ಎಣ್ಣೆ ಹಾಕುತ್ತಾನೆ, ರಾತ್ರಿ ಮೂರು ಗಂಟೆಗೂ ಮಲಗು ಅನ್ನುವುದಿಲ್ಲ. ಕಂಬಳಿ ಹೊದ್ದ ಮುದುಕಿ ಅಲ್ಲಿಲ್ಲ. ಪಿನ್ನು ಎಲ್ಲಿದೆ ಎಂದು ತೋರಿಸುವ ದ್ರೌಪದಿಯೂ ಇಲ್ಲ, ಯಾಕೆಂದರೆ ಅಲ್ಲಿ ನೋಯುವವರು ಯಾರೂ ಇಲ್ಲ, ನಮ್ಮನ್ನು ಬಿಟ್ಟು. ಅಮೆರಿಕದ ಫ್ಲೋರಿಡಾದಲ್ಲಿ ಇಂಥ ಪಾತ್ರವೊಂದರ ಜೊತೆ ತಿಂಗಳುಗಟ್ಟಲೆ ಮಾತಾಡುತ್ತಿದ್ದ 14 ವರ್ಷದ ಹುಡುಗ ಪ್ರಾಣ ಕಳೆದುಕೊಂಡ. ಅವನ ತಾಯಿ 2024ರ ಅಕ್ಟೋಬರ್‌ನಲ್ಲಿ ಕ್ಯಾರೆಕ್ಟರ್ ಎಐ ಕಂಪನಿಯ ಮೇಲೆ ಮೊಕದ್ದಮೆ ಹೂಡಿದರು. ಮಾರನೇ ವರ್ಷ ಆ ಕಂಪನಿ 18 ವರ್ಷ ತುಂಬದವರಿಗೆ ಈ ಮುಕ್ತ ಚಾಟ್ ಬಂದ್ ಮಾಡಿತು. ಆ ಹುಡುಗ ಮಾತಾಡುತ್ತಿದ್ದದ್ದು ಸೈತಾನನ ಜೊತೆ ಅಲ್ಲ, ಟಿವಿ ಧಾರಾವಾಹಿಯ ಒಬ್ಬ ಪ್ರೀತಿಯ ರಾಣಿಯ ಜೊತೆ. ಪಾತ್ರ ಕೆಟ್ಟದ್ದೋ ಒಳ್ಳೆಯದೋ ಅನ್ನುವುದಕ್ಕಿಂತ, ಬೆಳಗಾದ ಮೇಲೆ ಬಣ್ಣ ತೊಳೆಯಲು ನೀರು ತಂದುಕೊಡುವವರು ಇದ್ದಾರೋ ಇಲ್ಲವೋ ಅನ್ನುವುದು ನನಗೆ ದೊಡ್ಡ ಪ್ರಶ್ನೆಯಾಗಿ ಕಾಣುತ್ತದೆ.

ಸಂಧಾನದ ಸೀನ್ ನಿಮಗೆ ಗೊತ್ತಿರಬಹುದು. ಕೃಷ್ಣ ಒಳಗೆ ಬಂದಾಗ ಯಾರೂ ಏಳಬಾರದು ಅಂತ ದುರ್ಯೋಧನನ ಕಟ್ಟಪ್ಪಣೆ. ಕೃಷ್ಣ ಕಾಲ ಹೆಬ್ಬೆರಳಿನಿಂದ ನೆಲ ಒತ್ತುತ್ತಾನೆ, ಸಿಂಹಾಸನ ಮಗುಚಿ ದುರ್ಯೋಧನ ಅವನ ಕಾಲಬುಡಕ್ಕೇ ಬಂದು ಬೀಳುತ್ತಾನೆ. ಚಿಕ್ಕಪ್ಪ ಬಿದ್ದ ರಭಸಕ್ಕೆ ಕಿರೀಟ ಉರುಳಿ ಹಾರ್ಮೋನಿಯಂ ಹತ್ತಿರ ಹೋಯಿತು. ಜನ ಶಿಳ್ಳೆ ಹೊಡೆದು ‘ಒನ್ಸ್ ಮೋರ್’ ಅಂದರು. ಮೇಷ್ಟ್ರು ಬಾರಿಸಿಯೇಬಿಟ್ಟರು. ಚಿಕ್ಕಪ್ಪ ಎದ್ದು, ಕಿರೀಟ ಹಾಕಿಕೊಂಡು, ಮತ್ತೊಮ್ಮೆ ಬಿದ್ದ. ಎರಡನೇ ಸಲ ಬಿದ್ದಾಗ ಮೈಕಿನಲ್ಲಿ ಒಂದೊಂದೇ ಮುಯ್ಯಿ ಕೂಗತೊಡಗಿದರು. ಇಂಥವರಿಂದ 101, ಇಂಥವರಿಂದ 201. ಕೊನೆಗೆ ಚಿಕ್ಕಮ್ಮನ ಹೆಸರಿನಲ್ಲಿ 51 ರೂಪಾಯಿ. ಎರಡು ತಿಂಗಳಿಂದ ಅವಳು ಅವನ ಜೊತೆ ನೆಟ್ಟಗೆ ಮಾತಾಡಿರಲಿಲ್ಲ.

ನಾಟಕ ಮುಗಿದಾಗ ಬೆಳಗ್ಗೆ ಏಳು. ಅವತ್ತು ಶುಕ್ರವಾರ. ಚಿಕ್ಕಪ್ಪ ಮಲಗಲಿಲ್ಲ, ಮುಖಕ್ಕೆ ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿಕೊಂಡು ಸೀದಾ ಅಂಗಡಿಗೆ ಬಂದ. ಕಾಯಿ ಜೋಡಿಸಲು ನಾನೂ ಹೋದೆ. ಕೆಲಸ ಮಾಡುತ್ತಾ ಮಾಡುತ್ತಾ, ನನ್ನ ಮುಖ ನೋಡದೆ, ‘ಯುಗಾದಿ ಕಳೀಲಿ, ಫೀಸು ಕಟ್ಟಣ’ ಅಂದ. ನಾನು ‘ಹೂಂ’ ಅಂದೆ. ಯುಗಾದಿ ಕಳೆದಿದೆ. ಅರ್ಧ ಕೊಟ್ಟಿದ್ದಾನೆ, ಇನ್ನರ್ಧ ಬಾಕಿ ಇದೆ.

ಅಷ್ಟರಲ್ಲಿ ಕಾರೊಂದು ನಿಂತಿತು. ಇಳಿದವರು ಕಾಯಿ ತಟ್ಟಿ ನೋಡಿ, ರೇಟು ಕೇಳಿ, ಹತ್ತು ರೂಪಾಯಿ ಕಡಿಮೆಗೆ ಕೊಡುತ್ತೀಯಾ ಅಂದರು. ಚಿಕ್ಕಪ್ಪನ ಕಣ್ಣಂಚಿನಲ್ಲಿ ಕಾಡಿಗೆ ಇನ್ನೂ ಉಳಿದಿತ್ತು, ಕೂಗಿ ಕೂಗಿ ದನಿ ಪೂರ್ತಿ ಕಟ್ಟಿತ್ತು. ಎಡಗೈ ಒಂದಿಷ್ಟು ಮೇಲೆದ್ದಿತು. ನಾನು ಉಸಿರು ಬಿಗಿಹಿಡಿದು ನೋಡಿದೆ. ಆ ಕೈ ಹಣ್ಣಿನ ಮೇಲಿದ್ದ ನೊಣ ಓಡಿಸಿ ಕೆಳಗಿಳಿಯಿತು.

‘ಕೊಡ್ತೀನಿ ಸಾರ್, ತಗೊಳ್ಳಿ’ ಅಂದ.